ಮಕ್ಕಳ ಕಾಸಿನ ಹಡಗು

ಪ್ರತಿವರ್ಷ ಡಿಸೆಂಬರ್ 7ರಂದು ನಮ್ಮ ಶಾಲೆಯಲ್ಲಿ ಸಶಸ್ತ್ರ ಸೇನಾ ಧ್ವಜ ದಿನವನ್ನು ಆಚರಿಸುವುದುಂಟು. ಅಂದು ವಿದ್ಯಾರ್ಥಿಗಳು ತಮ್ಮ ಕೈಲಾದುದನ್ನು ಡಬ್ಬಿಗೆ ಹಾಕಿ, ಕಾಗದದ ಪುಟ್ಟ ಧ್ವಜವೊಂದನ್ನು ಎದೆಗೆ ಚುಚ್ಚಿಕೊಂಡು ಮನೆಗೆ ಹೋಗುತ್ತಾರೆ. ಕಳೆದ ಸಲ ಸಂಜೆ ನಾವು ಡಬ್ಬಿಯನ್ನು ಮೇಜಿನ ಮೇಲೆ ಬರಿದುಮಾಡಿ ನಾಣ್ಯಗಳನ್ನು ಎಣಿಸುತ್ತಿದ್ದೆವು. ನೆರವಿಗೆ ನಿಂತಿದ್ದ ಆರನೆಯ ಇಯತ್ತೆಯ ಹುಡುಗನೊಬ್ಬನು, "ಸರ್, ಈ ಹಣದಿಂದ ಯುದ್ಧದ ಹಡಗು ಬರುತ್ತದೆಯೆ?" ಎಂದು ಕೇಳಿದನು. ಕೆಲವೇ ದಿನಗಳ ಹಿಂದೆ ಅವನು ತಂದೆಯೊಡನೆ ಗೇಟ್‌ವೇಗೆ ಹೋಗಿ, ಮುಂಬಯಿಯ ಕಡಲಿನಲ್ಲಿ ಲಂಗರು ಹಾಕಿ ನಿಂತ ಯುದ್ಧನೌಕೆಯನ್ನು ನೋಡಿ ಬಂದಿದ್ದನು.

"ಇಲ್ಲಪ್ಪ, ಇದು ಮಡಿದ ಸೈನಿಕರ ಮನೆಯವರಿಗೂ ಗಾಯಗೊಂಡವರಿಗೂ ನೆರವಾಗುವ ಹಣ" ಎಂದೆವು. ಅಷ್ಟರಲ್ಲಿ ಗಂಟೆ ಬಾರಿಸಿತು, ಹುಡುಗನು ಓಡಿದನು. ಆದರೆ ಮಕ್ಕಳ ಕಾಸನ್ನು ಕೂಡಿಸಿ ಯುದ್ಧನೌಕೆ ಕೊಳ್ಳಹೊರಟ ಜನ ನಿಜವಾಗಿಯೂ ಇದ್ದರು. ಅಂದು ಹೇಳಲಾಗದ ಆ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಇಂಗ್ಲೆಂಡಿನ ಉತ್ತರಭಾಗದಲ್ಲಿ ಟೈನ್ ಎಂಬ ನದಿಯಿದೆ. ಅದರ ದಂಡೆಯ ಮೇಲಿನ ನ್ಯೂಕಾಸಲ್ ನಗರದಲ್ಲಿ ಆರ್ಮ್‌ಸ್ಟ್ರಾಂಗ್ ಕಂಪನಿಯವರು 1911ರಲ್ಲಿ ಒಂದು ಭಾರಿ ಯುದ್ಧನೌಕೆಯನ್ನು ಕಟ್ಟಲು ತೊಡಗಿದರು. ಅದು ಇಂಗ್ಲೆಂಡಿನದಲ್ಲ, ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದ್ದು. 670 ಅಡಿಗೂ ಮಿಕ್ಕ ಉದ್ದ. 12 ಅಂಗುಲ ಬಾಯಿಯ 14 ತೋಪುಗಳು, ಎರಡೆರಡರಂತೆ 7 ಗೋಪುರಗಳಲ್ಲಿ. ಆ ಬಗೆಯ ನೌಕೆಗಳಲ್ಲಿ ಅಷ್ಟು ದೊಡ್ಡ ತೋಪುಗಳನ್ನು ಅಷ್ಟೊಂದು ಸಂಖ್ಯೆಯಲ್ಲಿ ಹೊತ್ತ ಇನ್ನೊಂದು ಹಡಗು ಎಂದೂ ಹುಟ್ಟಲಿಲ್ಲ. ಆದರೆ ಕೆಲಸ ಮುಗಿಯುವ ಮೊದಲೇ ಬ್ರೆಜಿಲಿಗೆ ಬಡತನ ಬಂದಿತು. ಅದರ ಸಂಪತ್ತಿಗೆ ರಬ್ಬರೂ ಒಂದು ದೊಡ್ಡ ಆಧಾರ. ಏಷ್ಯದ ತೋಟಗಳಿಂದ ಅಗ್ಗದ ರಬ್ಬರು ಪೇಟೆಗೆ ಬಂದೊಡನೆ ಬೆಲೆ ಕುಸಿಯಿತು. ಅರ್ಧ ಕಟ್ಟಿದ ಹಡಗು ಮಾರಾಟಕ್ಕೆ ನಿಂತಿತು.

ಅದನ್ನು ಕೊಂಡವರು ತುರ್ಕರು. 1912-13ರ ಬಾಲ್ಕನ್ ಯುದ್ಧಗಳಲ್ಲಿ ಅವರು ಸೋತಿದ್ದರು. ಗ್ರೀಸ್ ದೇಶದ ನೌಕಾಬಲವೇ ಮೇಲಾಗಿ, ಏಜಿಯನ್ ಸಮುದ್ರದ ದ್ವೀಪಗಳು ಒಂದೊಂದಾಗಿ ಕೈಬಿಟ್ಟಿದ್ದವು. ಒಳ್ಳೆಯ ಹಡಗುಗಳಿಲ್ಲದೆ ಬದುಕಿಲ್ಲವೆಂಬುದು ಅವರಿಗೆ ಮನವರಿಕೆಯಾಗಿತ್ತು. 1913ರ ಡಿಸೆಂಬರ್ ಕೊನೆಯಲ್ಲಿ 27 ಲಕ್ಷ 50 ಸಾವಿರ ಪೌಂಡಿಗೆ ವ್ಯಾಪಾರ ಕುದುರಿತು. ಹಡಗಿಗೆ ಸುಲ್ತಾನ್ ಉಸ್ಮಾನ್ ಎಂದು ಹೆಸರಾಯಿತು. ರೆಶಾದಿಯೆ ಎಂಬ ಅವರ ಇನ್ನೊಂದು ಯುದ್ಧನೌಕೆ ಇಂಗ್ಲೆಂಡಿನ ಬ್ಯಾರೋ ಎಂಬಲ್ಲಿ ಆಗಲೇ ಸಿದ್ಧವಾಗುತ್ತಿತ್ತು.

ಸರಕಾರದ ಬೊಕ್ಕಸ ಬರಿದಾಗಿತ್ತು. ಸಾಲವನ್ನು ಎತ್ತಿದುದಲ್ಲದೆ ಜನರ ಮುಂದೆಯೂ ಕೈಯೊಡ್ಡಿದರು. 1909ರಲ್ಲಿ ಸ್ಥಾಪಿತವಾಗಿದ್ದ ನೌಕಾ ಸಹಾಯಕ ಸಂಘವು ಊರೂರುಗಳಲ್ಲಿ ಚಂದಾ ಎತ್ತಿತು. ಹೆಂಗಸರು ಒಡವೆಗಳನ್ನು ಬಿಚ್ಚಿಕೊಟ್ಟರೆಂದೂ, ಕೆಲವರು ತಲೆಗೂದಲನ್ನೇ ಮಾರಿ ಹಣ ತಂದರೆಂದೂ, ಶಾಲೆಯ ಮಕ್ಕಳು ತಿಂಡಿಯ ಕಾಸನ್ನು ಉಳಿಸಿ ಕೊಟ್ಟರೆಂದೂ ಹೇಳುತ್ತಾರೆ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ನಮ್ಮ ಗಾದೆಯನ್ನು ಅವರು ತಮ್ಮ ರೀತಿಯಲ್ಲಿ ನಡೆಸಿ ತೋರಿಸಿದ್ದರು.

1914ರ ಬೇಸಗೆಯಲ್ಲಿ ರವೂಫ್ ಬೇ ಎಂಬ ನಾಯಕನೊಡನೆ ಸುಮಾರು 500 ಮಂದಿ ತುರ್ಕೀ ನಾವಿಕರು ಟೈನ್ ನದಿಗೆ ಬಂದರು. ಹಣ ಸಂದಾಯವಾಗಿತ್ತು. ಧ್ವಜವೊಂದನ್ನು ಏರಿಸುವುದಷ್ಟೇ ಬಾಕಿ. ಆದರೆ ಯೂರೋಪಿನ ಮೇಲೆ ಯುದ್ಧದ ಮೋಡ ಕವಿದಿತ್ತು. ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ, ಬ್ರಿಟನ್ನಿನ ನೌಕಾಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ಲನ ಆಜ್ಞೆಯಂತೆ, ಬ್ರಿಟಿಷ್ ಸೈನಿಕರು ಹಡಗನ್ನು ವಶಪಡಿಸಿಕೊಂಡರು. ದಡದ ಬಳಿಯಲ್ಲಿದ್ದ ತುರ್ಕೀ ನಾವಿಕರು ತಮ್ಮ ಹಡಗನ್ನು ಕಣ್ಣಾರೆ ಕಂಡರೂ ಅದನ್ನು ಹತ್ತಲಾರದೆ ಹೋದರು.

ಈ ಪ್ರಸಂಗವನ್ನು ಓದಿದಾಗಲೆಲ್ಲ ನಮಗೆ ನಮ್ಮ ಹಳ್ಳಿಯ ಶಾಲೆ ನೆನಪಿಗೆ ಬರುತ್ತದೆ. ನಾವು ಐದನೆಯ ಇಯತ್ತೆಯಲ್ಲಿದ್ದಾಗ ತರಗತಿಗೆ ಒಂದು ಗ್ಲೋಬು ಬೇಕೆಂದು ಎಲ್ಲರೂ ಕೂಡಿ ಹಣ ಹಾಕಿದೆವು. ಹತ್ತಿ ಬಿಡಿಸಲು ಹೋದ ಹುಡುಗಿಯರು ಕೂಲಿಯಲ್ಲಿ ಒಂದೊಂದು ರೂಪಾಯಿ ತಂದರು. ಮುಂಗಡವನ್ನು ಕೊಟ್ಟು, ಎರಡು ವಾರ ಕಾದು, ಗುರುಗಳೊಡನೆ ಬಸ್ಸು ಹತ್ತಿ ಪಟ್ಟಣದ ಅಂಗಡಿಗೆ ಹೋದೆವು. ಅಂದು ಮುಂಜಾನೆಯೇ ದೊಡ್ಡ ಶಾಲೆಯವರು ಬಂದು ಅದನ್ನು ಕೊಂಡೊಯ್ದಿದ್ದರು. ಅಂಗಡಿಯವನು ಹಣವನ್ನೇನೋ ಮರಳಿಸಿದನು. ನಮ್ಮ ಮುಖವನ್ನು ಮಾತ್ರ ನೋಡಲಿಲ್ಲ. ಮರುದಿನ ಗುರುಗಳು ಹಳೆಯ ಮಡಕೆಯೊಂದಕ್ಕೆ ಸುಣ್ಣ ಬಳಿದು ಭೂಖಂಡಗಳನ್ನು ಬರೆದು ತಂದರು. ಬ್ರೆಜಿಲನ್ನೂ ತುರ್ಕಸ್ಥಾನವನ್ನೂ ನಾವು ಮೊದಲು ಕಂಡದ್ದು ಆ ಮಡಕೆಯ ಮೇಲೆಯೇ. ಒಂದು ಗ್ಲೋಬಿಗೇ ಅಷ್ಟು ನೋವಾಗಿದ್ದರೆ, ಹಡಗನ್ನು ಕಳೆದುಕೊಂಡ ಮಕ್ಕಳಿಗೆ ಎಷ್ಟಾಗಿರಬೇಡ!

ನ್ಯಾಯವಾಗಿ ನೋಡಿದರೆ ಬ್ರಿಟನ್ನಿಗೂ ಅದರದೇ ಕಾರಣಗಳಿದ್ದವು. ಅಂಥ ಬಲಿಷ್ಠ ನೌಕೆ ಶತ್ರುವಿನ ಪಾಲಾದೀತೆಂಬ ಭಯ ಸುಳ್ಳಲ್ಲ. ಆಗಸ್ಟ್ 2ರಂದೇ ತುರ್ಕೀ ಮಂತ್ರಿಗಳಲ್ಲಿ ಕೆಲವರು ಜರ್ಮನಿಯೊಡನೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದರು. ಆದರೆ ಆ ಗುಟ್ಟು ಬೀದಿಯ ಜನರಿಗೆ ಗೊತ್ತಿರಲಿಲ್ಲ. ತಮ್ಮ ಕಾಸಿನ ಹಡಗನ್ನು ಕಿತ್ತುಕೊಂಡರೆಂಬುದೊಂದೇ ಅವರಿಗೆ ತಿಳಿದಿತ್ತು.

ಆ ಸಿಟ್ಟಿನ ನಡುವೆ, ಆಗಸ್ಟ್ 10ರಂದು, ಬ್ರಿಟಿಷ್ ನೌಕಾಬಲದಿಂದ ತಪ್ಪಿಸಿಕೊಂಡ ಗೋಬೆನ್, ಬ್ರೆಸ್ಲೌ ಎಂಬ ಎರಡು ಜರ್ಮನ್ ಯುದ್ಧನೌಕೆಗಳು ಡಾರ್ಡನೆಲ್ಸ್ ಜಲಸಂಧಿಯನ್ನು ಹೊಕ್ಕವು. ಹೋದ ಹಡಗುಗಳಿಗೆ ಬದಲು ಇವನ್ನು ಕೊಂಡಿದ್ದೇವೆಂದು ತುರ್ಕೀ ಸರಕಾರ ಸಾರಿತು. ನಾವಿಕರು ಜರ್ಮನರೇ, ತಲೆಯ ಮೇಲಿನ ಟೋಪಿ ಮಾತ್ರ ತುರ್ಕರದು. ಅಕ್ಟೋಬರ್ 29ರಂದು ಈ ಹಡಗುಗಳು ರಷ್ಯದ ಬಂದರುಗಳ ಮೇಲೆ ಗುಂಡಿನ ಮಳೆಗರೆದವು. ನವೆಂಬರ್ ಮೊದಲ ವಾರದಲ್ಲಿ ತುರ್ಕಸ್ಥಾನವು ಮಹಾಯುದ್ಧದೊಳಗೆ ಸಿಕ್ಕಿಕೊಂಡಿತು. ಒಂದು ಹಡಗಿನಿಂದಲೇ ಹೀಗಾಯಿತೆನ್ನುವುದು ಸರಿಯಲ್ಲ. ಆದರೆ ಆ ದಾರಿಯನ್ನು ಸುಗಮಗೊಳಿಸಿದ್ದರಲ್ಲಿ ಜನರ ನೊಂದ ಮನಸ್ಸಿನ ಪಾಲೂ ಇತ್ತು.

ಆ ಯುದ್ಧದ ಬಿಸಿ ನಮ್ಮವರಿಗೂ ತಟ್ಟಿತು. ತುರ್ಕರೊಡನೆ ಕಾದಲು ಭಾರತೀಯ ಸೈನ್ಯವು ಇದೇ ಮುಂಬಯಿ ಬಂದರಿನಿಂದ ಮೆಸೊಪೊಟೇಮಿಯಕ್ಕೆ ಹೋಯಿತು. ಅದರ ಒಂದು ಭಾಗ ಕೂತ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕಿ, ಹಸಿದು, 1916ರ ಏಪ್ರಿಲ್ 29ರಂದು ಶರಣಾಯಿತು. ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಸುಯೆಜ್ ಕಾಲುವೆಯನ್ನು ಕಾದು, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ನಗರವನ್ನು ಗೆದ್ದಿತು. ದಿಲ್ಲಿಯ ತೀನ್‌ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಯೋಧರದು. ಟೈನ್ ನದಿಯ ಹೆಸರನ್ನೂ ಕೇಳದ ಕನ್ನಡ ನಾಡಿನ ತಾಯಂದಿರು ಆ ದಿನಗಳಲ್ಲಿ ಮಕ್ಕಳ ದಾರಿ ಕಾದರು.

ಇನ್ನು ಆ ಹಡಗು? ಅಜಿನ್‌ಕೋರ್ಟ್ ಎಂಬ ಹೊಸ ಹೆಸರನ್ನು ಪಡೆದು, 1916ರ ಜಟ್ಲೆಂಡ್ ಕದನದಲ್ಲಿ ಗುಂಡು ಹಾರಿಸಿ, 1922ರಲ್ಲಿ ಗುಜರಿಯ ಲೆಕ್ಕದಲ್ಲಿ ಮಾರಾಟವಾಯಿತು. 1923ರಲ್ಲಿ ಲೋಸಾನ್ ಒಪ್ಪಂದವಾದಾಗ ಅದರ 58ನೆಯ ವಿಧಿಯಲ್ಲಿ, ಈ ಹಡಗುಗಳಿಗೆ ಕೊಟ್ಟ ಹಣವನ್ನು ಮರಳಿ ಕೇಳುವುದಿಲ್ಲವೆಂದು ತುರ್ಕಸ್ಥಾನವು ಬರೆದುಕೊಟ್ಟಿತು. ದೊಡ್ಡವರ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು. ಕಾಸು ಹಾಕಿದ ಮಕ್ಕಳನ್ನು ಯಾರೂ ಕೇಳಿದಂತೆ ಕಾಣಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಕೊಡುವವರು ಚಿಕ್ಕವರೆಂದು ಅವರ ಕೊಡುಗೆಯನ್ನು ಚಿಕ್ಕದೆಂದು ಎಣಿಸಬಾರದು. ರಾಜ್ಯಗಳಾಗಲಿ, ಅಂಗಡಿಯವರಾಗಲಿ, ಗುರುಗಳಾಗಲಿ, ಈ ಮಾತನ್ನು ಮರೆತರೆ ಅದರ ಫಲವನ್ನು ಎಲ್ಲಿಯೋ ಯಾರೋ ಉಣ್ಣಬೇಕಾಗುತ್ತದೆ. ನೀವು ನಾಳೆ ದೊಡ್ಡ ಹುದ್ದೆಗಳಲ್ಲಿ ಕುಳಿತು ಕಾಗದಗಳಿಗೆ ಸಹಿ ಹಾಕುವಾಗ ಇದು ನೆನಪಿರಲಿ.

ಅಂದು ಸಂಜೆ ನಾವು ಡಬ್ಬಿಯ ಹಣವನ್ನು ಮೂರು ಸಲ ಎಣಿಸಿ, ತರಗತಿವಾರು ಬರೆದು ಕಳುಹಿಸಿದೆವು. ರಸೀದಿ ಬಂದ ದಿನ ಅದನ್ನು ಪ್ರಶ್ನೆ ಕೇಳಿದ ಆ ಹುಡುಗನ ಕೈಯಿಂದಲೇ ಸೂಚನಾ ಫಲಕಕ್ಕೆ ಅಂಟಿಸಿದೆವು.