ಒಂದು ಗಂಟೆಯ ಸಮುದ್ರ

ಗ್ರೀಸ್ ದೇಶದ ದ್ವೀಪಗಳ ಬಿಳಿ ಮನೆಗಳನ್ನೂ ನೀಲಿ ಸಮುದ್ರವನ್ನೂ ನೀವು ಕ್ಯಾಲೆಂಡರ್‌ಗಳಲ್ಲಿ ನೋಡಿರುತ್ತೀರಿ, ಸಹೋದರಿಯರೇ. ಆ ದ್ವೀಪಗಳಲ್ಲೊಂದಾದ ಕೋಸ್‌ಗೆ ತುರ್ಕಿಯ ಬೋದ್ರುಮ್ ಪಟ್ಟಣದಿಂದ ಹಡಗಿದೆ. ತರಗತಿಯಲ್ಲಿ ನಾನು ನಕಾಶೆ ಬಿಚ್ಚಿದರೆ ಇವೆರಡರ ನಡುವಿನ ಸಮುದ್ರ ಒಂದು ತುಂಡು ಸೀಮೆಸುಣ್ಣದಡಿ ಮುಚ್ಚಿಹೋಗುತ್ತದೆ.

ನೀವು ಹೊರಡುವುದಾದರೆ ಬೇಸಿಗೆಯಲ್ಲಿ ಹೊರಡಿ. ಚಳಿಗಾಲದಲ್ಲಿ ಹಡಗುಗಳು ಕಡಿಮೆ. ಭಾರತೀಯರು ಷೆಂಗೆನ್ ವೀಸಾವನ್ನು ಮೊದಲೇ ಮಾಡಿಸಿಕೊಂಡಿರಬೇಕು. ಸಂಜೆ ಮರಳುವುದಾದರೆ ತುರ್ಕಿಯ ವೀಸಾ ಎರಡನೇ ಬಾರಿ ಪ್ರವೇಶಿಸಲು ಬಿಡುತ್ತದೆಯೇ ಎಂದೂ ನೋಡಿಕೊಳ್ಳಿ. ಬಂದರಿನಲ್ಲಿ ವಿಮಾನ ನಿಲ್ದಾಣದಂತೆಯೇ ಪಾಸ್‌ಪೋರ್ಟ್ ತಪಾಸಣೆ. ಆಮೇಲೆ ಸುಮಾರು ಒಂದು ಗಂಟೆಯ ಪ್ರಯಾಣ, ವೇಗದ ಹಡಗಾದರೆ ಅದಕ್ಕಿಂತಲೂ ಕಡಿಮೆ. ಹೊರಡುವಾಗ ಒಂದು ಕೋಟೆ, ತಲುಪುವಾಗ ಇನ್ನೊಂದು ಕೋಟೆ. ಎರಡನ್ನೂ ಕಟ್ಟಿದವರು ಸೇಂಟ್ ಜಾನ್ ಪಂಗಡದ ಕ್ರೈಸ್ತ ಯೋಧರೇ. 1522ರಲ್ಲಿ ಸುಲ್ತಾನ್ ಸುಲೈಮಾನ್ ರೋಡ್ಸ್ ದ್ವೀಪವನ್ನು ಗೆದ್ದ ಮೇಲೆ ಅವರು ಈ ಕಡಲನ್ನೇ ಬಿಟ್ಟು ಹೋದರು.

ಕೋಸ್ ವೈದ್ಯ ಹಿಪ್ಪೊಕ್ರಟಿಸ್‌ನ ಊರು. ಅವನು ಕುಳಿತು ಪಾಠ ಹೇಳಿದ ಮರವೆಂದು ಒಂದನ್ನು ತೋರಿಸುತ್ತಾರೆ. ನಂಬಬೇಡಿ, ಆ ಮರಕ್ಕೆ ಅಷ್ಟು ವಯಸ್ಸಾಗಿಲ್ಲ! ಅದರ ಪಕ್ಕದಲ್ಲೇ 1786ರಲ್ಲಿ ಗಾಝಿ ಹಸನ್ ಪಾಷಾ ಕಟ್ಟಿಸಿದ ಮಸೀದಿಯಿದೆ. ಪೇಟೆಯ ಇನ್ನೊಂದು ಮಸೀದಿಯಾದ ದೆಫ್ತೆರ್ದಾರ್‌ನ ಮಿನಾರ 2017ರ ಜುಲೈ ಭೂಕಂಪದಲ್ಲಿ ಕುಸಿಯಿತು.

1923ರಲ್ಲಿ ಗ್ರೀಸ್‌ನ ಮುಸ್ಲಿಮರನ್ನು ತುರ್ಕಿಗೂ ತುರ್ಕಿಯ ಕ್ರೈಸ್ತರನ್ನು ಗ್ರೀಸ್‌ಗೂ ಸಾಗಿಸಲಾಯಿತು. ಆಗ ಕೋಸ್ ಇಟಲಿಯ ಕೈಯಲ್ಲಿತ್ತು. ಹಾಗಾಗಿ ಇಲ್ಲಿನ ಮುಸ್ಲಿಮರು ಮನೆ ಬಿಡಬೇಕಾಗಲಿಲ್ಲ. ಪೇಟೆಯಿಂದ ಎರಡು ಕಿಲೋಮೀಟರ್ ದೂರದ ಪ್ಲಟಾನಿಯಲ್ಲಿ ಅವರ ಮನೆಗಳು, ಮಸೀದಿ, ಖಬರಸ್ತಾನ ಇವೆ. ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಹೋಗಿ. ನಮಾಝ್‌ಗೆ ನಿಲ್ಲುವಾಗ ಮಾತ್ರ ನಮ್ಮೂರಿನ ಅಭ್ಯಾಸದಂತೆ ಪಶ್ಚಿಮಕ್ಕೆ ತಿರುಗಬೇಡಿ. ಅಲ್ಲಿ ಕಿಬ್ಲಾ ಆಗ್ನೇಯಕ್ಕೆ.

ಮರಳುವ ಹಡಗಿನಲ್ಲಿ ಎಡಬದಿಗೆ ಕುಳಿತುಕೊಳ್ಳಿ. ಕಾಣುವುದು ಬೋದ್ರುಮ್‌ನ ದಡ. 2015ರ ಸೆಪ್ಟೆಂಬರ್ 2ರ ಮುಂಜಾನೆ ಆ ದಡದಿಂದ ಕೋಸ್‌ಗೆಂದು ಒಂದು ಸಣ್ಣ ದೋಣಿ ಹೊರಟಿತ್ತು. ಅದರಲ್ಲಿ ಸಿರಿಯಾದ ಅಬ್ದುಲ್ಲಾ ಕುರ್ದಿ, ಅವರ ಪತ್ನಿ, ಇಬ್ಬರು ಗಂಡುಮಕ್ಕಳು ಇದ್ದರು. ದೋಣಿಯ ಹಣವನ್ನು ಕಳುಹಿಸಿದ್ದು ಕೆನಡಾದಲ್ಲಿದ್ದ ಅಬ್ದುಲ್ಲಾರ ಅಕ್ಕ ಟೀಮಾ. ಹಡಗಿನ ಟಿಕೆಟ್‌ಗೆ ಅದರಲ್ಲೊಂದು ಸಣ್ಣ ಪಾಲು ಸಾಕಿತ್ತು. ಆದರೆ ಪಾಸ್‌ಪೋರ್ಟ್, ವೀಸಾ ಇಲ್ಲದವರನ್ನು ಹಡಗು ಹತ್ತಿಸಿಕೊಳ್ಳುವುದಿಲ್ಲ. ದೋಣಿ ಸ್ವಲ್ಪ ದೂರ ಹೋಗುವಷ್ಟರಲ್ಲೇ ಮಗುಚಿತು. ತಂದೆಯೊಬ್ಬರೇ ಉಳಿದರು. ಕೆಂಪಂಗಿ ತೊಟ್ಟು ಮರಳಿನ ಮೇಲೆ ಮುಖವೂರಿ ಮಲಗಿದ್ದ ಅಲನ್‌ನ ಚಿತ್ರ ನಿಮಗೆ ನೆನಪಿದ್ದೀತು. ಅದನ್ನು ತೆಗೆದವರು ನಿಲುಫರ್ ದೆಮಿರ್ ಎಂಬ ತುರ್ಕಿಯ ಪತ್ರಕರ್ತೆ.

ಆ ಒಂದೇ ವರ್ಷದಲ್ಲಿ 8 ಲಕ್ಷ 50 ಸಾವಿರಕ್ಕೂ ಹೆಚ್ಚು ಜನ ಹೀಗೆ ಸಮುದ್ರ ದಾಟಿ ಗ್ರೀಸ್‌ಗೆ ಬಂದರು. ಅಬ್ದುಲ್ಲಾ ಮಾತ್ರ ಮುಂದೆ ಹೋಗಲಿಲ್ಲ. ಮೂರು ಮಯ್ಯಿತ್‌ಗಳೊಂದಿಗೆ ಬಿಟ್ಟು ಬಂದ ಊರು ಕೋಬಾನಿಗೆ ಮರಳಿ, ಅಲ್ಲಿಯೇ ದಫನ ಮಾಡಿದರು.