ಎದೆಯಲ್ಲಿ ಯಂತ್ರ, ಮನಸ್ಸಿನಲ್ಲಿ ಭಯ

ನನ್ನ ಅಬ್ಬನ ಎಡಭುಜದ ಕೆಳಗೆ, ಎದೆಯ ಚರ್ಮದಡಿಯಲ್ಲಿ ಒಂದು ಪುಟ್ಟ ಯಂತ್ರವಿದೆ. ಹೃದಯಾಘಾತದ ಬಳಿಕ ಅವರ ಹೃದಯ ಕೆಲವೊಮ್ಮೆ ಲಯ ತಪ್ಪಿ ವಿಪರೀತ ವೇಗವಾಗಿ ಬಡಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಒಳಗಿನಿಂದಲೇ ವಿದ್ಯುತ್ ಶಾಕ್ ಕೊಟ್ಟು ಹೃದಯವನ್ನು ಲಯಕ್ಕೆ ತರುವುದು ಅದರ ಕೆಲಸ. ವೈದ್ಯರು ಇದನ್ನು ಐಸಿಡಿ ಎನ್ನುತ್ತಾರೆ. ಡಾ. ಮಿಶೆಲ್ ಮಿರೋವ್‌ಸ್ಕಿ ಅವರ ಹಲವು ವರ್ಷಗಳ ಶ್ರಮದ ಫಲವಾಗಿ 1980ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮೊದಲ ಬಾರಿಗೆ ಇದನ್ನು ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಅಂದಿನಿಂದ ಎಷ್ಟೋ ಜೀವಗಳು ಉಳಿದಿವೆ. ಅದರಲ್ಲಿ ನನ್ನ ಅಬ್ಬನದೂ ಒಂದು.

ಒಂದು ರಮಝಾನಿನ ರಾತ್ರಿ ತರಾವೀಹ್ ನಮಾಝಿನಲ್ಲಿದ್ದಾಗ ಆ ಯಂತ್ರ ಕೆಲಸ ಮಾಡಿತು. ಅಬ್ಬ ಸಫ್ಫಿನಲ್ಲೇ ಕುಸಿದರು. "ಯಾರೋ ಒನಕೆಯಿಂದ ಎದೆಗೆ ಕುಟ್ಟಿದ ಹಾಗಾಯಿತು" ಎಂದರು. ಆಸ್ಪತ್ರೆಯಲ್ಲಿ ಪರೀಕ್ಷಿಸಿ, "ಯಂತ್ರ ಸರಿಯಾಗಿಯೇ ಕೆಲಸ ಮಾಡಿದೆ, ಗಾಬರಿ ಬೇಡ" ಎಂದು ಮನೆಗೆ ಕಳಿಸಿದರು.

ಆದರೆ ಮನೆಗೆ ಬಂದವರು ಹಳೆಯ ಅಬ್ಬ ಆಗಿರಲಿಲ್ಲ. ಮಸೀದಿಗೆ ಹೋಗುವುದನ್ನು ಬಿಟ್ಟರು. ಬಚ್ಚಲಿನ ಚಿಲಕ ಹಾಕುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ಎಡಗೈಯನ್ನು ಮೇಲೆತ್ತಬಾರದು ಎಂದಿದ್ದರು. ಆ ಅವಧಿ ಎಂದೋ ಮುಗಿದಿದ್ದರೂ ಮನೆಯಲ್ಲಿ ತಕ್ಬೀರ್ ಹೇಳುವಾಗ ಆ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ರಾತ್ರಿ "ಮತ್ತೆ ಹೊಡೆಯಿತು!" ಎಂದು ಕೂಗಿ ಎದ್ದರು. ಯಂತ್ರದ ದಾಖಲೆ ನೋಡಿದರೆ ಯಾವ ಶಾಕೂ ಇರಲಿಲ್ಲ.

ನೋಡಲು ಬಂದ ನೆಂಟರು, "ಮಾಸ್ಟ್ರೇ, ಐದು ಹೊತ್ತು ನಮಾಝ್ ಮಾಡುವ ನೀವೇ ಹೀಗೆ ಹೆದರಿದರೆ ಹೇಗೆ? ಅಲ್ಲಾಹನ ಮೇಲೆ ಭರವಸೆ ಇಡಿ" ಎನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ಭಯದ ಜೊತೆಗೆ, ತನ್ನ ಈಮಾನ್ ದುರ್ಬಲವಾಯಿತೇ ಎಂಬ ಅಪರಾಧಿ ಭಾವವೂ ಅಬ್ಬನನ್ನು ಕಾಡತೊಡಗಿತು.

ಕೊನೆಗೆ ಇನ್ನೊಬ್ಬ ಹೃದ್ರೋಗ ತಜ್ಞರು ಮನಃಶಾಸ್ತ್ರಜ್ಞೆಯೊಬ್ಬರ ಬಳಿಗೆ ಕಳಿಸಿದರು. ಅವರು ಮೊದಲು ಹೇಳಿದ ಮಾತು: "ನಿಮಗೆ ಹುಚ್ಚಲ್ಲ, ನಾಟಕವೂ ಅಲ್ಲ. ಶಾಕ್ ತಿಂದ ಕೆಲವರಿಗೆ ಯಂತ್ರ ಕೊಡದ ಶಾಕ್ ಕೂಡ ಅನುಭವಕ್ಕೆ ಬರುತ್ತದೆ. ಶಾಕ್ ಆದ ಜಾಗಕ್ಕೆ ಹೋಗಲು ಹೆದರುವುದೂ ಸಾಮಾನ್ಯ." ಅಬ್ಬ ಅಂದು ಮಕ್ಕಳ ಹಾಗೆ ಅತ್ತರು.

ನಂತರ ಅವರು ಉಮ್ಮನ ಕಡೆ ತಿರುಗಿ, "ನಿಮಗೇನಾದರೂ ಕೇಳಲಿಕ್ಕುಂಟಾ?" ಎಂದರು. ಉಮ್ಮ ತಲೆ ತಗ್ಗಿಸಿ, "ಶಾಕ್ ಹೊಡೆಯುವಾಗ ನಾನು ಮುಟ್ಟಿದರೆ ನನಗೂ ಹೊಡೆಯುತ್ತದಾ?" ಎಂದು ಕೇಳಿದರು. ತಿಂಗಳುಗಟ್ಟಲೆ ಅವರು ಅಬ್ಬನ ಪಕ್ಕದಲ್ಲಿ ನಿದ್ದೆಗೆಟ್ಟು ಮಲಗಿದ್ದು ಈ ಒಂದು ಪ್ರಶ್ನೆಯನ್ನು ಹೊತ್ತುಕೊಂಡು! ಮುಟ್ಟಿದವರಿಗೆ ಹೆಚ್ಚೆಂದರೆ ಸಣ್ಣಗೆ ಜುಮ್ಮೆನ್ನಬಹುದು, ಅಪಾಯವಿಲ್ಲ ಎಂಬ ಉತ್ತರ ಅರ್ಧ ನಿಮಿಷದ್ದು. ಅದನ್ನು ನಮಗೆ ಮೊದಲೇ ಯಾರೂ ಹೇಳಿರಲಿಲ್ಲ.

ಆಮೇಲೆ ಒಂದು ಕಾಗದದಲ್ಲಿ ಬರೆದುಕೊಟ್ಟರು: ಒಂದು ಶಾಕ್ ಆಗಿ ಆರಾಮವಾಗಿದ್ದರೆ ಕುಳಿತುಕೊಳ್ಳಿ, ವೈದ್ಯರಿಗೆ ತಿಳಿಸಿ, ಮತ್ತೊಂದು ಆದರೆ, ಅಥವಾ ಎದೆನೋವು, ಉಬ್ಬಸ, ತಲೆಸುತ್ತು ಇದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಏನು ಮಾಡಬೇಕೆಂದು ತಿಳಿದ ಮೇಲೆ ಭಯ ಅರ್ಧ ಇಳಿಯಿತು. ಉಳಿದರ್ಧಕ್ಕೆ ತಿಂಗಳುಗಳೇ ಬೇಕಾದವು. ಮೊದಲು ಮಸೀದಿಯ ಗೇಟಿನವರೆಗೆ, ಬಳಿಕ ಅಂಗಳದವರೆಗೆ, ಆಮೇಲೆ ಅಸರ್‌ಗೆ ಕೊನೆಯ ಸಫ್ಫಿನಲ್ಲಿ.

ಮನಸ್ಸಿನ ಚಿಕಿತ್ಸೆ ನಮಗೆ ಹೊರಗಿನಿಂದ ಬಂದದ್ದೇನಲ್ಲ. ಕ್ರಿ.ಶ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಸೇರಿಸಿ ಒಂದೇ ಗ್ರಂಥ ಬರೆದರು. ದೇಹದಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಚಿಕಿತ್ಸೆ ಬೇಕು ಎಂಬುದೇ ಅದರ ತಿರುಳು. ಹೃದಯದ ಮದ್ದು ನುಂಗುವಾಗ ಕಡಿಮೆಯಾಗದ ಈಮಾನ್, ಮನಸ್ಸಿನ ಮದ್ದಿಗೆ ಹೋದಾಗ ಕಡಿಮೆಯಾಗುವುದು ಹೇಗೆ?

ನಿಮ್ಮ ಮನೆಯಲ್ಲಿ ಇಂಥ ರೋಗಿಗಳಿದ್ದರೆ, ಯಂತ್ರದ ಬ್ಯಾಟರಿಯ ಬಗ್ಗೆ ಕೇಳುವಂತೆ ಅವರ ನಿದ್ದೆಯ ಬಗ್ಗೆಯೂ ಕೇಳಿ. ಆರೈಕೆ ಮಾಡುವವರನ್ನೂ ಕೇಳಿ. ವೈದ್ಯರ ಮುಂದೆ ಸಂಕೋಚ ಬಿಟ್ಟು ಹೇಳಿ. ಮನಸ್ಸಿನ ಸಂಕಟಕ್ಕೆ ಸರಕಾರದ ಟೆಲಿ ಮಾನಸ್ ಉಚಿತ ಸಂಖ್ಯೆ 14416ಕ್ಕೂ ಕರೆ ಮಾಡಬಹುದು.

ಕಳೆದ ಶುಕ್ರವಾರ ಜುಮಾದಲ್ಲಿ ಅಬ್ಬನ ಪಕ್ಕದಲ್ಲೇ ನಿಂತಿದ್ದೆ. ತಕ್ಬೀರಿಗೆ ಅವರ ಎರಡೂ ಕೈಗಳು ಕಿವಿಯವರೆಗೆ ಏರಿದವು. ಅಲ್‌ಹಮ್ದುಲಿಲ್ಲಾಹ್.