ಮುತ್ತಿಗೆಯೂ ಸಂಧಾನವೂ: ಬಾಡ, ಮಿರ್ಜಾನ, ಹೊನ್ನಾವರಗಳ ಸಂಚಾರ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನ ಕಡಲತಡಿಯಲ್ಲಿ ಬಾಡವೆಂಬ ಗ್ರಾಮವಿರುವುದನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಬಲ್ಲರು. ಪಡುವಣಕ್ಕೆ ಅರಬ್ಬೀ ಸಮುದ್ರವು ಮೊರೆಯುತ್ತಿರುತ್ತದೆ. ಬಡಗಣಕ್ಕೆ ಕಾಗಾಲವೂ ಅದರಾಚೆಗೆ ಅಘನಾಶಿನೀ ನದಿಯ ಅಳಿವೆಯೂ ಇವೆ. ಕಾಂಚಿಕಾ ಪರಮೇಶ್ವರಿಯ ದೇವಾಲಯವು ಈ ಊರಿಗೆ ಶೋಭೆಯನ್ನು ತಂದಿದೆ. ಇಲ್ಲಿಯ ಮನೆಗಳು ಪೇಟೆಯ ಮನೆಗಳಂತೆ ಒಂದಕ್ಕೊಂದು ಅಂಟಿಕೊಂಡಿಲ್ಲ. ಒಂದೊಂದು ಮನೆಗೂ ಒಂದೊಂದು ತೆಂಗಿನ ಹಿತ್ತಲು. ಹಿತ್ತಲಿಗೆ ಚಿರೇಕಲ್ಲಿನ ಪಾಗಾರ ಅಥವಾ ಬೇಲಿ. ಬೇಲಿಯ ನಡುವೆ ಒಬ್ಬನೇ ನಡೆಯಬಹುದಾದಷ್ಟು ಓಣಿ. ಜಗಲಿಯ ಮೇಲೆ ಕುಳಿತವನಿಗೆ ಓಣಿಯಲ್ಲಿ ಬರುವವರೆಲ್ಲರೂ ಕಾಣುತ್ತಾರೆ. ಓಣಿಯಲ್ಲಿ ಬರುವವರಿಗೆ ಒಳಗಿನವನು ಕಾಣುವುದಿಲ್ಲ.

ಇಂತಹ ಓಣಿಯೊಂದರಲ್ಲಿ ನಡೆಯುತ್ತಿರುವಾಗ ನಮ್ಮೊಳಗೆ ಒಂದು ಪ್ರಶ್ನೆಯು ಹುಟ್ಟಿತು. ಕೋಪದಿಂದಲೋ, ಮದ್ಯಪಾನದಿಂದಲೋ, ಮನಸ್ಸಿನ ರೋಗದಿಂದಲೋ ಮತಿಗೆಟ್ಟ ಒಬ್ಬನು ಕೈಯಲ್ಲಿ ಕತ್ತಿಯನ್ನು ಹಿಡಿದು, ಮನೆಯವರನ್ನೇ ಒತ್ತೆಯಾಳುಗಳನ್ನಾಗಿ ಮಾಡಿಕೊಂಡು ಇಂತಹ ಮನೆಯೊಂದರ ಬಾಗಿಲನ್ನು ಹಾಕಿಕೊಂಡರೆ, ಹೊರಗೆ ನಿಂತ ಪೋಲೀಸಿನವರು ಮಾಡಬೇಕಾದುದೇನು? ಬಾಗಿಲನ್ನು ಒಡೆಯಬೇಕೋ, ಕಾಯಬೇಕೋ? ದೇಶಸಂಚಾರದ ಲೇಖನಕ್ಕೆ ಇದು ತಕ್ಕ ವಿಷಯವಲ್ಲವೆಂದು ಕೆಲವರು ಹೇಳಬಹುದು. ಆದರೆ ಈ ಕರಾವಳಿಯ ಹಳೆಯ ಕಲ್ಲುಗಳೆಲ್ಲವೂ ಇದೇ ಪ್ರಶ್ನೆಯನ್ನು ಕುರಿತು ಮಾತನಾಡುವವುಗಳಾಗಿವೆ.

ಬಾಡದಿಂದ ನಾವು ಮಿರ್ಜಾನಕ್ಕೆ ಹೋದೆವು. ಗೇರಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಕೂಡಿಕೊಂಡಿರುವ ಈ ಕೋಟೆಯು ಅಘನಾಶಿನಿಯ ದಂಡೆಗೆ ಸಮೀಪದಲ್ಲಿದೆ. ಚಿರೇಕಲ್ಲಿನ ಎತ್ತರವಾದ ಗೋಡೆಗಳು, ದುಂಡನೆಯ ಬುರುಜುಗಳು, ಸುತ್ತಲೂ ಕಂದಕ, ಒಳಗೆ ಆಳವಾದ ಬಾವಿಗಳು, ಹೊರಬೀಳಲು ಗುಪ್ತಮಾರ್ಗಗಳು. ಮಳೆಗಾಲ ಮುಗಿದ ಮೇಲೆ ಗೋಡೆಯ ಮೇಲೆಲ್ಲ ಹಸಿರು ಹುಲ್ಲು ಹಬ್ಬಿ ನೋಡುವವರ ಕಣ್ಣಿಗೆ ಬಹು ರಮ್ಯವಾಗಿರುತ್ತದೆ. ಆದರೆ ಕಟ್ಟಿಸಿದವರು ರಮ್ಯತೆಗಾಗಿ ಕಟ್ಟಿಸಲಿಲ್ಲ. ಹೊರಗಿನವನು ಒಳಗೆ ಬರದಂತೆ ತಡೆಯುವುದು ಗೋಡೆಯ ಕೆಲಸ. ಒಳಗಿನವನು ಹೆಚ್ಚು ದಿನ ಬದುಕುವಂತೆ ಮಾಡುವುದು ಬಾವಿಯ ಕೆಲಸ. ಮುತ್ತಿಗೆಯ ಶಾಸ್ತ್ರವೆಲ್ಲವೂ ಈ ಎರಡು ಮಾತುಗಳಲ್ಲಿ ಅಡಗಿದೆ.

ಮುತ್ತಿಗೆಯ ನಿಜವಾದ ಕಥೆಯನ್ನು ತಿಳಿಯಬೇಕಾದರೆ ತೆಂಕಣಕ್ಕೆ, ಶರಾವತಿಯು ಕಡಲನ್ನು ಸೇರುವ ಹೊನ್ನಾವರಕ್ಕೆ ಹೋಗಬೇಕು. 1783ನೆಯ ಇಸವಿಯ ಜನವರಿಯಲ್ಲಿ ಮುಂಬಯಿಯ ಇಂಗ್ಲಿಷ್ ಸೈನ್ಯವು ಜನರಲ್ ಮ್ಯಾಥ್ಯೂಸನ ಕೈಕೆಳಗೆ ಹೊನ್ನಾವರದ ಕೋಟೆಗೆ ಲಗ್ಗೆಯಿಟ್ಟು ಅದನ್ನು ಹಿಡಿಯಿತು. ಆ ಲಗ್ಗೆಯಲ್ಲಿ ಒಳಗಿನವರಿಗೆ ಕರುಣೆಯು ದೊರೆಯಲಿಲ್ಲ. ಆ ಮೇಲೆ ಕಾಲಚಕ್ರವು ತಿರುಗಿತು. ಟೀಪೂ ಸುಲ್ತಾನನು ಬಿದನೂರನ್ನು ಮರಳಿ ಗೆದ್ದು ಕರಾವಳಿಯ ಕಡೆಗೆ ದಂಡನ್ನು ಕಳುಹಿಸಿದನು. ಆಗ ಕ್ಯಾಪ್ಟನ್ ಟೊರಿಯಾನೋ ಎಂಬವನು ಅದೇ ಹೊನ್ನಾವರದ ಕೋಟೆಯಲ್ಲಿ ಬಾಗಿಲುಗಳನ್ನು ಮುಚ್ಚಿಕೊಂಡು ಕುಳಿತನು. ತಿಂಗಳುಗಟ್ಟಲೆ ಮುತ್ತಿಗೆ ನಡೆಯಿತು. ನಡುವೆ ಕದನವಿರಾಮವಾದರೂ ಹಸಿವೂ ಬೇನೆಯೂ ವಿರಮಿಸಲಿಲ್ಲ. ಕಡೆಗೆ ಕೋಟೆಯನ್ನು ತೆರೆಸಿದುದು ಗುಂಡಲ್ಲ; 1784ನೆಯ ಮಾರ್ಚಿಯಲ್ಲಿ ಮಂಗಳೂರಿನಲ್ಲಿ ಆದ ಒಡಂಬಡಿಕೆಯು. ಒಂದೇ ಕೋಟೆ, ಒಮ್ಮೆ ಲಗ್ಗೆಯಿಂದ ತೆರೆಯಿತು, ಮತ್ತೊಮ್ಮೆ ಸಂಧಾನದಿಂದ ತೆರೆಯಿತು. ಎರಡರಲ್ಲಿ ಯಾವುದರಿಂದ ಹೆಚ್ಚು ಜೀವಗಳು ಉಳಿದುವೆಂಬುದನ್ನು ಹೇಳಬೇಕಾಗಿಲ್ಲ.

ರಾಜರ ಕಾಲದ ಮುತ್ತಿಗೆಗೂ ಈಗಿನ ಪೋಲೀಸರ ಮುತ್ತಿಗೆಗೂ ಒಂದು ದೊಡ್ಡ ಭೇದವಿದೆ. ಆಗ ಒಳಗಿದ್ದವರೆಲ್ಲರೂ ಶತ್ರುಗಳು. ಹಸಿವಿನಿಂದ ಅವರು ಸೊರಗಿದರೆ ಹೊರಗಿನವರಿಗೆ ಲಾಭ. ಈಗ ಒಳಗೆ ಇರುವ ಒತ್ತೆಯಾಳು ನಮ್ಮವನು. ಬಾಗಿಲು ಹಾಕಿಕೊಂಡವನೂ ಅನೇಕ ವೇಳೆ ಶತ್ರುವಲ್ಲ; ದುಃಖದಿಂದ ದಾರಿ ಕಾಣದವನು. ಆದುದರಿಂದ ಗೆಲ್ಲುವುದೆಂದರೆ ಎಲ್ಲರನ್ನೂ ಜೀವಸಹಿತ ಹೊರಗೆ ತರುವುದೆಂದೇ ಅರ್ಥ.

ಈ ತತ್ತ್ವವು ಜಗತ್ತಿಗೆ ಸುಲಭವಾಗಿ ತಿಳಿಯಲಿಲ್ಲ. 1972ನೆಯ ಸೆಪ್ಟಂಬರದಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಒಲಿಂಪಿಕ್ ಪಂದ್ಯಗಳು ನಡೆಯುತ್ತಿದ್ದಾಗ ಆಯುಧಧಾರಿಗಳು ಇಸ್ರೇಲಿನ ಆಟಗಾರರನ್ನೂ ಅವರ ಶಿಕ್ಷಕರನ್ನೂ ಒತ್ತೆಯಿಟ್ಟುಕೊಂಡರು. ಸಿದ್ಧತೆ ಸಾಲದ ಪೋಲೀಸಿನವರು ರಾತ್ರಿಯಲ್ಲಿ ವಿಮಾನನಿಲ್ದಾಣದಲ್ಲಿ ಮೇಲೆ ಬಿದ್ದರು. ಒತ್ತೆಯಾಳುಗಳಲ್ಲಿ ಒಬ್ಬನೂ ಉಳಿಯಲಿಲ್ಲ. ಹನ್ನೊಂದು ಮಂದಿ ಇಸ್ರೇಲಿಗಳು ಮಡಿದರು. ಆ ಆಘಾತದ ಬಳಿಕ ನ್ಯೂಯಾರ್ಕಿನ ಪೋಲೀಸಿನಲ್ಲಿ ಹಾರ್ವೆ ಶ್ಲಾಸ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞನೂ ಫ್ರಾಂಕ್ ಬೋಲ್ಜ್ ಎಂಬ ಅಧಿಕಾರಿಯೂ ಕೂಡಿ ಒಂದು ಕ್ರಮವನ್ನು ಏರ್ಪಡಿಸಿದರು. ಇಂದು ನಾನಾ ದೇಶಗಳ ಪೋಲೀಸಿನವರು ಕಲಿಯುವ ಪಾಠಕ್ಕೆ ಅದೇ ಮೂಲವಾಯಿತು.

ಆ ಕ್ರಮವನ್ನು ಬಾಡದ ಮನೆಗೇ ಹೊಂದಿಸಿ ಹೇಳುವೆವು. ಮೊದಲು ಮನೆಯ ಸುತ್ತಲೂ ಹತ್ತಿರದ ಒಂದು ಕಾವಲು. ಒಳಗಿನವನು ಮತ್ತೊಂದು ಮನೆಗೆ ಹೋಗಿ ಆಪತ್ತನ್ನು ಹಬ್ಬಿಸದಂತೆ ಇದು ತಡೆಯುತ್ತದೆ. ಓಣಿಯ ತುದಿಯಲ್ಲಿ ದೂರದ ಎರಡನೆಯ ಕಾವಲು. ನೋಡಬಂದವರನ್ನು ಇದು ತಡೆಯುತ್ತದೆ. ನೆರೆಮನೆಗಳವರನ್ನು ಸದ್ದಿಲ್ಲದೆ ಹಿಂದಿನ ಹಿತ್ತಲುಗಳಿಂದ ದೂರಕ್ಕೆ ಸಾಗಿಸಬೇಕು. ಆ ಮೇಲೆ ಒಳಗಿನವನೊಡನೆ ಮಾತಿಗೆ ಒಂದೇ ದಾರಿ, ಒಂದೇ ಕಂಠ. ಹತ್ತು ಮಂದಿ ಹತ್ತು ಬಗೆಯಾಗಿ ಕೂಗಿದರೆ ಅವನಿಗೆ ದಿಕ್ಕು ತಪ್ಪುತ್ತದೆ. ಮಾತನಾಡುವವನು ಅಪ್ಪಣೆ ಕೊಡುವವನಾಗಿರಬಾರದು. ಅಪ್ಪಣೆ ಕೊಡುವವನು ಮಾತನಾಡಬಾರದು. ಇದರಲ್ಲಿ ಒಂದು ಜಾಣತನವಿದೆ. “ಮೇಲಿನವರನ್ನು ಕೇಳಿ ಬರುತ್ತೇನೆ” ಎಂದು ಹೇಳಬಲ್ಲವನಿಗೆ ಪ್ರತಿಯೊಂದು ಬೇಡಿಕೆಯೂ ಒಂದಿಷ್ಟು ಕಾಲಾವಕಾಶವನ್ನು ತಂದುಕೊಡುತ್ತದೆ.

ಕಾಲವೇ ಇಲ್ಲಿ ಔಷಧ. ಸಿಟ್ಟು ಇಡೀ ರಾತ್ರಿ ಒಂದೇ ಮಟ್ಟದಲ್ಲಿ ಉರಿಯಲಾರದು. ಹಸಿವು, ನಿದ್ರೆ, ಆಯಾಸಗಳು ಬಂದೇ ಬರುತ್ತವೆ. ಗಂಜಿಯನ್ನೋ ನೀರನ್ನೋ ಕೇಳಿದರೆ ಕೊಡಬಹುದು. ಆದರೆ ಬದಲಿಗೆ ಏನನ್ನಾದರೂ, ಆಗುವುದಾದರೆ ಒಂದು ಮಗುವನ್ನೇ, ಹೊರಗೆ ಪಡೆಯಬೇಕು. ಆಯುಧವನ್ನೆಂದೂ ಕೊಡಲಾಗದು. ಒಬ್ಬ ಒತ್ತೆಯಾಳಿಗೆ ಬದಲಾಗಿ ಮತ್ತೊಬ್ಬನನ್ನು ಒಳಗೆ ಕಳುಹಿಸಲಾಗದು. ಹೆಂಡತಿಯನ್ನೋ ತಂದೆಯನ್ನೋ ಕರೆತಂದು ಆತುರದಿಂದ ಮಾತನಾಡಿಸಿದರೆ, ಯಾರ ಮೇಲೆ ಮುನಿದನೋ ಅವರೇ ಎದುರಿಗೆ ಬಂದಂತಾಗಿ ಕೆಟ್ಟೀತು. ಈ ಭಾಗದಲ್ಲಿ ಹಿರಿಯರು ಕಿರಿಯನನ್ನು “ತಮ್ಮಾ” ಎಂದು ಕರೆಯುವ ರೂಢಿಯುಂಟು. ಕನ್ನಡ, ಕೊಂಕಣಿ, ಭಟ್ಕಳದ ಕಡೆಗೆ ನವಾಯತಿ ಎಂದು ಮನೆಮಾತುಗಳೂ ಹಲವು. ಒಳಗಿನವನ ಮನೆಮಾತಿನಲ್ಲಿ ಆ ಒಂದು ಕರೆಯನ್ನು ಕರೆಯಬಲ್ಲ ಪೇದೆಯು ಬಂದೂಕು ಹಿಡಿದ ಹತ್ತು ಮಂದಿಗಿಂತ ಹೆಚ್ಚಿನ ಕೆಲಸ ಮಾಡಿಯಾನು.

ಹಾಗಾದರೆ ಬಂದೂಕಿನವರು ಬೇಡವೋ? ಬೇಕು. ಮಾತು ಸಾಗುತ್ತಿರುವಾಗಲೇ ಒಳನುಗ್ಗುವ ಪಡೆಯು ಮನೆಯ ನಕ್ಷೆಯನ್ನು ತಿಳಿದು ಸಿದ್ಧವಾಗಿರಬೇಕು. ಒಳಗೆ ಕೊಲೆಯು ತೊಡಗಿತೆಂದರೆ ಆ ಕ್ಷಣವೇ ನುಗ್ಗಬೇಕು. ಕಾನೂನೂ ಇದಕ್ಕೆ ಹಾದಿಯನ್ನು ಕಟ್ಟಿದೆ. ಬಂಧಿಸಬೇಕಾದವನು ಮನೆಯನ್ನು ಹೊಕ್ಕರೆ, ಪೋಲೀಸಿನವನು ತನ್ನ ಅಧಿಕಾರವನ್ನೂ ಉದ್ದೇಶವನ್ನೂ ತಿಳಿಸಿ ಪ್ರವೇಶವನ್ನು ಕೇಳಬೇಕು; ಆದರೂ ಬಿಡದಿದ್ದರೆ ಬಾಗಿಲನ್ನು ಒಡೆಯಬಹುದು. 2024ನೆಯ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 44ನೆಯ ಕಲಮು ಹೀಗೆ ವಿಧಿಸುತ್ತದೆ. ಬಾಗಿಲು ಹಾಕಿಕೊಂಡವನು ಆತ್ಮಹತ್ಯೆಗೆ ಯತ್ನಿಸಿದವನಾದರೆ, 2017ನೆಯ ಮಾನಸಿಕ ಆರೋಗ್ಯದ ಕಾಯಿದೆಯು ಅವನು ತೀವ್ರವಾದ ಮನಃಕ್ಲೇಶದಲ್ಲಿದ್ದನೆಂದೇ ಭಾವಿಸಬೇಕೆನ್ನುತ್ತದೆ.

ಆದರೆ ಕಾಯುವುದರಿಂದಲೂ ಕೆಡುವುದುಂಟು. ಇದನ್ನು ಮರೆಮಾಚಿದರೆ ವಾಚಕರಿಗೆ ಅರ್ಧ ಸತ್ಯವನ್ನು ಹೇಳಿದಂತಾದೀತು. ರಾಜೀವ ಗಾಂಧಿಯವರು 1991ನೆಯ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಹತರಾದ ಮೇಲೆ, ಆ ಕೊಲೆಯ ಸೂತ್ರಧಾರಿಯೆನಿಸಿದ ಶಿವರಾಸನ್ ತನ್ನ ಸಂಗಡಿಗರೊಡನೆ ಬೆಂಗಳೂರಿನ ಅಂಚಿನಲ್ಲಿದ್ದ ಕೋಣನಕುಂಟೆಯ ಮನೆಯೊಂದರಲ್ಲಿ ಅಡಗಿದ್ದನು. ಆಗಸ್ಟಿನಲ್ಲಿ ಪೋಲೀಸಿನವರು ಆ ಮನೆಯನ್ನು ಸುತ್ತುವರಿದರು. ಒಳಗಿನವರ ಬಳಿಯಲ್ಲಿ ಸಯನೈಡ್ ವಿಷವಿತ್ತು. ಅವರನ್ನು ಜೀವಂತವಾಗಿ ಹಿಡಿದು ಸಂಚಿನ ಮೂಲವನ್ನು ತಿಳಿಯಬೇಕೆಂದು ಕಮಾಂಡೋಗಳಿಗಾಗಿಯೂ ವಿಷಕ್ಕೆ ಪ್ರತಿಯಾದ ಔಷಧಕ್ಕಾಗಿಯೂ ಕಾದರು. ಆಗಸ್ಟ್ 20ರ ಬೆಳಗ್ಗೆ ಒಳಹೊಕ್ಕಾಗ ಏಳು ಶವಗಳು ದೊರೆತುವು. ಬದುಕಬೇಕೆಂಬ ಆಸೆಯುಳ್ಳವನಿಗೆ ಕಾಲವು ಔಷಧ. ಸಾಯಲು ಸಿದ್ಧನಾಗಿ ಕುಳಿತವನಿಗೆ ಅದೇ ಕಾಲವು ಅವಕಾಶ. ಒಳಗಿರುವವನು ಯಾವ ಬಗೆಯವನೆಂಬುದನ್ನು ತಿಳಿಯುವುದೇ ಹೊರಗಿನವರ ಮೊದಲ ಕೆಲಸವೆಂದು ಕೋಣನಕುಂಟೆಯು ಕಲಿಸಿತು.

ಇನ್ನೊಂದು ಪಾಠವು ಕನ್ನಡಿಗರೆಲ್ಲರ ಎದೆಯಲ್ಲಿ ಉಳಿದಿದೆ. 2000ನೆಯ ಜುಲೈ 30ರ ರಾತ್ರಿ ತಮಿಳುನಾಡಿನ ತಾಳವಾಡಿಯ ಬಳಿಯ ಗಾಜನೂರಿನ ಮನೆಯಿಂದ ವರನಟ ರಾಜಕುಮಾರರನ್ನು ವೀರಪ್ಪನ್ ಅಪಹರಿಸಿದನು. ಅಲ್ಲಿ ಸುತ್ತುವರಿಯಲು ಮನೆಯಿರಲಿಲ್ಲ. ಕಾಡೇ ಅವನ ಕೋಟೆ. ಎರಡು ರಾಜ್ಯಗಳ ಸರಕಾರಗಳು ಪತ್ರಕರ್ತರಾದ ಆರ್. ಆರ್. ಗೋಪಾಲರನ್ನು ಸಂಧಾನಕ್ಕೆ ಕಳುಹಿಸಿದುವು. ಮುಂದೆ ನೆಡುಮಾರನ್ ಅವರೂ ಹೋದರು. 108 ದಿವಸಗಳ ಬಳಿಕ, ನವಂಬರ 15ರಂದು ರಾಜಕುಮಾರರು ಬಿಡುಗಡೆಯಾದರು. ನಾಡು ಸಂತೋಷಪಟ್ಟಿತು. ಆದರೆ ಬೇಡಿಕೆಗಳಿಗೆ ಸರಕಾರವು ಎಲ್ಲಿಯವರೆಗೆ ಬಾಗಬಹುದೆಂಬ ಪ್ರಶ್ನೆಯೂ ಎದ್ದಿತು. ಟಾಡಾ ಕಾಯಿದೆಯ ಕೆಳಗೆ ಸೆರೆಯಲ್ಲಿದ್ದವರ ಮೇಲಿನ ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳುವುದನ್ನು ಸುಪ್ರೀಂ ಕೋರ್ಟು ತಡೆಯಿತು. ಕೋರ್ಟಿನ ಮೊರೆಹೊಕ್ಕಿದ್ದವರು ವೀರಪ್ಪನ ಕಡೆಯವರಿಂದ ಹತನಾದ ಒಬ್ಬ ಪೋಲೀಸ್ ಅಧಿಕಾರಿಯ ತಂದೆ. ಒಬ್ಬರ ಮನೆಯ ಹಿರಿಯನು ಮರಳಬೇಕೆಂಬ ಆಸೆ, ಮತ್ತೊಬ್ಬರ ಮನೆಯ ಸತ್ತ ಮಗನಿಗೆ ನ್ಯಾಯ: ಇವೆರಡೂ ನ್ಯಾಯವಾದುವುಗಳೇ. 2002ನೆಯ ಆಗಸ್ಟಿನಲ್ಲಿ ಅವನೇ ಮಾಜಿ ಮಂತ್ರಿ ನಾಗಪ್ಪನವರನ್ನು ಅಪಹರಿಸಿದನು. ಡಿಸೆಂಬರದಲ್ಲಿ ಅವರ ಶವವೇ ದೊರೆಯಿತು. ಸಂಧಾನವು ಎಲ್ಲ ಬೀಗಗಳಿಗೂ ಹೊಂದುವ ಕೀಲಿಕೈಯಲ್ಲ.

ಬಾಡದಂತಹ ಕಡಲೂರಿಗೆ ಹೆಚ್ಚು ಸಮೀಪವಾದ ಪಾಠವು ಮುಂಬಯಿಯದು. 2008ನೆಯ ನವಂಬರ 26ರಂದು ಹತ್ತು ಮಂದಿ ಹಂತಕರು ಕುಬೇರವೆಂಬ ಮೀನುಗಾರರ ದೋಣಿಯನ್ನು ವಶಮಾಡಿಕೊಂಡು ಕಡಲಿನಿಂದಲೇ ಬಂದರು. ಹೋಟೆಲುಗಳಲ್ಲಿಯೂ ಯಹೂದ್ಯರ ಮಂದಿರವೊಂದರಲ್ಲಿಯೂ ಒತ್ತೆಯಾಳುಗಳನ್ನು ಹಿಡಿದರು. ಅವರು ಬದುಕಿ ಮರಳಲು ಬಂದವರಲ್ಲ. ದೆಹಲಿಯ ಸಮೀಪದ ಮಾನೇಸರದಿಂದ ರಾಷ್ಟ್ರೀಯ ಭದ್ರತಾ ಪಡೆಯು ಬರಲು ಅನೇಕ ಗಂಟೆಗಳು ಹಿಡಿದುವು. ಹೊರಗೆ ನಿಂತವರು ಟೆಲಿವಿಷನ್ನಿನಲ್ಲಿ ಕ್ಷಣಕ್ಷಣಕ್ಕೂ ತೋರಿಸಿದ ದೃಶ್ಯಗಳು ಹಂತಕರನ್ನು ನಡೆಸುತ್ತಿದ್ದವರಿಗೆ ಕಣ್ಣುಗಳಾದುವೆಂದು 2012ರಲ್ಲಿ ಸುಪ್ರೀಂ ಕೋರ್ಟು ಕಟುವಾಗಿ ಹೇಳಿತು. 2015ರಲ್ಲಿ ಇಂತಹ ನೇರಪ್ರಸಾರವನ್ನು ತಡೆಯುವ ನಿಯಮವೂ ಬಂದಿತು. ಮುಂಬಯಿ, ಕಲಕತ್ತೆ, ಮದರಾಸು, ಹೈದರಾಬಾದುಗಳಲ್ಲಿ ಆ ಪಡೆಯ ಠಾಣ್ಯಗಳಾದುವು. ಕರ್ನಾಟಕಕ್ಕೆ ತನ್ನದೇ ಆದ ಗರುಡ ಪಡೆಯುಂಟಾಯಿತು. ನಮ್ಮ ಕರಾವಳಿಯ ಕಾವಲಿಗೆಂದು ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿಯೂ ಕರಾವಳಿ ಕಾವಲು ಪೋಲೀಸ್ ಠಾಣೆಗಳಿವೆ. ಕಡಲಿನ ಮೇಲೆ ಗುರುತಿಲ್ಲದ ದೋಣಿಯನ್ನು ಕಂಡ ಮೀನುಗಾರನು 1093 ಎಂಬ ಸಂಖ್ಯೆಗೆ ತಿಳಿಸಬಹುದು.

ಇನ್ನು ಗೃಹಸ್ಥರಾದ ನಮ್ಮ ಕರ್ತವ್ಯವೇನು? ನೆರೆಮನೆಯ ಬಾಗಿಲು ಹೀಗೆ ಮುಚ್ಚಿತೆಂದು ತಿಳಿದರೆ, 112ಕ್ಕೆ ತಿಳಿಸಿ, ಮಕ್ಕಳನ್ನು ಕರೆದುಕೊಂಡು ದೂರಕ್ಕೆ ಹೋಗುವುದು. ಗುಂಪು ಕೂಡದಿರುವುದು. ಮೊಬೈಲಿನಲ್ಲಿ ಚಿತ್ರವನ್ನು ಹಿಡಿದು ಹಂಚದಿರುವುದು. ಒಳಗಿನವನ ಕೈಯಲ್ಲಿಯೂ ಅಂತಹುದೇ ಯಂತ್ರವಿರುತ್ತದೆ. “ಧೈರ್ಯವಿದ್ದರೆ ಹೊರಗೆ ಬಾ” ಎಂದು ಕೆಣಕದಿರುವುದು. ಮನೆಯ ಕೋಣೆಗಳೆಷ್ಟು, ಹಿಂಬಾಗಿಲು ಎಲ್ಲಿದೆ, ಬಾವಿ ಎಲ್ಲಿದೆ, ಅವನಿಗೆ ಕಾಯಿಲೆಯುಂಟೋ ಎಂಬುದನ್ನು ತಿಳಿದಷ್ಟು ಮಾತ್ರ ಪೋಲೀಸಿನವರಿಗೆ ಹೇಳುವುದು. ಅದಕ್ಕೂ ಮೊದಲಿನ ಕರ್ತವ್ಯವೊಂದಿದೆ. ಇಂತಹ ಬಾಗಿಲುಗಳು ಒಂದೇ ದಿನದಲ್ಲಿ ಮುಚ್ಚುವುದಿಲ್ಲ. ಸಾಲ, ಕುಡಿತ, ಜಗಳ, ಮೌನ ಇವು ತಿಂಗಳುಗಳಿಂದ ಕದವನ್ನು ನೂಕುತ್ತಿರುತ್ತವೆ. ಮನೋವೇದನೆಯಲ್ಲಿರುವವರಿಗಾಗಿ 14416 ಎಂಬ ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಮಾತನಾಡುವವರಿದ್ದಾರೆ.

ಮಿರ್ಜಾನದ ಕಂದಕದಲ್ಲಿ ಈಗ ಶತ್ರುಗಳಿಲ್ಲ. ಹೊನ್ನಾವರದ ಕೋಟೆಗಾಗಿ ಯಾರೂ ಕಾದಾಡುವುದಿಲ್ಲ. ಇನ್ನು ಮುಂದೆ ಮುತ್ತಿಗೆಯೆಂಬುದು ಬರುವುದಾದರೆ ಬರುವುದು ಮನೆಗಳಿಗೆ. ಆ ದಿನ ಓಣಿಯಲ್ಲಿ ನಿಂತ ಪೋಲೀಸಿನವನು ತಡಮಾಡುತ್ತಿದ್ದಾನೆಂದು ನಾವು ಹಳಿಯುವ ಮೊದಲು, ಅವನು ಒಳಗಿನ ಮಗುವಿನ ಉಸಿರನ್ನು ಲೆಕ್ಕದಲ್ಲಿಟ್ಟುಕೊಂಡು ಕಾಯುತ್ತಿರಬಹುದೆಂಬುದನ್ನು ನೆನೆಯುವುದು ಯುಕ್ತ.